ಗಾರೆ ಆರುವ ಕಾಲ

ಹೊಸ ಗೋಡೆಗೆ ಗಾರೆ ಬಳಿಸಿದವರು ಮರುದಿನದಿಂದಲೇ ಕೇಳತೊಡಗುವ ಪ್ರಶ್ನೆ ಒಂದುಂಟು: ಇದು ಆರುವುದೆಂದಿಗೆ? ಸುಣ್ಣದ ಗಾರೆಯೊಂದೇ ಗಾರೆಯಾಗಿದ್ದ ಕಾಲದಲ್ಲಿ, ಚಾಮರಾಜನಗರ ಗುಂಡ್ಲುಪೇಟೆಗಳ ಸೀಮೆಯ ಕುಶಲಕರ್ಮಿಗೆ ಈ ಆತುರ ವಿಚಿತ್ರವಾಗಿ ಕಾಣುತ್ತಿದ್ದಿರಬೇಕು. ಏಕೆಂದರೆ ಗಾರೆಯು ಬೇಗ ಆರಿಬಿಡದಂತೆ ಕಾಯುವುದೇ ಅವನ ವಿದ್ಯೆಯ ಸಾರವಾಗಿದ್ದಿತು.

ಆ ವಿದ್ಯೆ ಆರಂಭವಾಗುತ್ತಿದ್ದುದು ಹೊಲದಲ್ಲಿ. ಎರೆಭೂಮಿಯಲ್ಲಿ ನೇಗಿಲ ಬಾಯಿಗೆ ಸಿಕ್ಕುವ ಸುಣ್ಣಕಲ್ಲುಗಳನ್ನು ಆಯ್ದು, ಗೂಡಿನಲ್ಲಿ ಸೌದೆ ಇದ್ದಲುಗಳೊಡನೆ ಪದರಪದರವಾಗಿ ಒಟ್ಟಿ ಸುಟ್ಟರೆ, ಕಲ್ಲಿನಲ್ಲಿ ಅಡಗಿದ್ದ ಇಂಗಾಲಾಮ್ಲವಾಯು ಹೊರಟುಹೋಗಿ, ಶುದ್ಧವಾದ 100 ತೂಕದ ಕಲ್ಲು 56 ತೂಕದ ಸುಟ್ಟ ಸುಣ್ಣವಾಗಿ ಉಳಿಯುತ್ತದೆ. ಒಂದು ಕಾಲಕ್ಕೆ ಮಣ್ಣಿನಿಂದ ಉಪ್ಪು ತೆಗೆಯುವುದನ್ನು ಕುಲವೃತ್ತಿಯಾಗಿ ಹೊಂದಿದ್ದ ಉಪ್ಪಾರರಲ್ಲಿ ಅನೇಕರು ಮೈಸೂರು ಸೀಮೆಯಲ್ಲಿ ಈ ಸುಣ್ಣ ಸುಡುವ, ಗೋಡೆ ಕಟ್ಟುವ ಕೆಲಸವನ್ನು ಕೈಗೊಂಡರು. ನೀರು ಹೊಯ್ದೊಡನೆ ಭುಗಿಲೆಂದು ಕಾದು ಅರಳುವ ಆ ಸುಣ್ಣವನ್ನು ಹಾಗೆಯೇ ಗೋಡೆಗೆ ಬಳಿಯುವಂತಿಲ್ಲ. ಅರಳದೆ ಉಳಿದ ಒಂದು ಹರಳು ಸಾಕು, ತಿಂಗಳುಗಳ ಮೇಲೆ ಗೋಡೆಯೊಳಗೇ ಅರಳಿ ಗಾರೆಯನ್ನು ಚಕ್ಕೆಯೆಬ್ಬಿಸುವುದಕ್ಕೆ. ಆದಕಾರಣ ಅದನ್ನು ಗುಂಡಿಯಲ್ಲಿ ನೆನೆಯಿಟ್ಟು, ಮರಳು ಕೂಡಿಸಿ, ವರ್ತುಲಾಕಾರದ ಕಲ್ಲುದೋಣಿಯಲ್ಲಿ ಎತ್ತು ಕಟ್ಟಿದ ಕಲ್ಲಿನ ಗಾಲಿಯಿಂದ ಬೆಣ್ಣೆಯಂತಾಗುವವರೆಗೆ ಅರೆಯುತ್ತಿದ್ದರು. ರೋಮಿನ ಪ್ಲೀನಿಯು, ಮೂರು ವರ್ಷ ನೆನೆಯದ ಸುಣ್ಣವನ್ನು ಗುತ್ತಿಗೆದಾರರು ಬಳಸಕೂಡದೆಂದು ಹಿಂದಿನ ಕಟ್ಟಳೆಯಿದ್ದಿತೆಂದು ಬರೆದಿದ್ದಾನೆ. ನಮ್ಮ ಗುತ್ತಿಗೆದಾರರ ಅದೃಷ್ಟ ದೊಡ್ಡದು!

ಇನ್ನು ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನು ದಕ್ಷಿಣ ದೇಶದ ಗಾರೆಯಲ್ಲಿ ಬೆರೆಸುತ್ತಿದ್ದುದು ಪ್ರಸಿದ್ಧವಾಗಿದೆ. ಬೆಲ್ಲಕ್ಕೆ ಈ ಸೀಮೆಯ ಆಲೆಮನೆಗಳಿದ್ದುವು. ಅಳಲೆಯಂತೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಆಯ್ದು ತರುವ ಪದಾರ್ಥ. ಇವು ಗಾರೆಗೆ ಅಂಟನ್ನೂ ನಯವನ್ನೂ ಕೊಡುವುದಲ್ಲದೆ, ಕಡಿಮೆ ನೀರಿನಲ್ಲಿ ಅದನ್ನು ಹದಕ್ಕೆ ತರುತ್ತವೆ. ಕಡಿಮೆ ನೀರು ಬೆರೆತ ಗಾರೆ ಆರುವಾಗ ಕಡಿಮೆ ಕುಗ್ಗುತ್ತದೆ, ಬಿರುಕೂ ಕಡಿಮೆ.

ಬಳಿದ ಮೇಲೆ ನಡೆಯುವುದು ಎರಡು ಕ್ರಿಯೆ. ನೀರು ಆವಿಯಾಗಿ ಹೋಗುವುದು ಮೊದಲನೆಯದು. ಅದಕ್ಕೆ ದಿನಗಳು ಅಥವಾ ವಾರಗಳು ಸಾಕು. ಎರಡನೆಯದು ಸುಣ್ಣವು ಗೂಡಿನಲ್ಲಿ ಕಳೆದುಕೊಂಡ ಇಂಗಾಲಾಮ್ಲವಾಯುವನ್ನು ಗಾಳಿಯಿಂದ ಮರಳಿ ಪಡೆದು ಪುನಃ ಕಲ್ಲಾಗುವುದು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿದ್ವಾಂಸನು 1756ರಲ್ಲಿ ಪ್ರಕಟಿಸಿದ ತನ್ನ ಪ್ರಯೋಗಗಳಲ್ಲಿ ಈ ವಾಯುವಿನ ಗುಟ್ಟನ್ನು ಬಿಡಿಸಿದನು. ಈ ಕ್ರಿಯೆ ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಷ್ಟು ಒಳಗೆ ಸಾಗುತ್ತದೆಂದೂ, ಒಳಹೊಕ್ಕಂತೆ ಇನ್ನೂ ನಿಧಾನವಾಗುತ್ತದೆಂದೂ ಲೆಕ್ಕ ಹಿಡಿಯುವರು. ಬೆರಳು ದಪ್ಪದ ಗಾರೆ ಪೂರ್ತಿ ಕಲ್ಲಾಗಲು ಒಂದೆರಡು ವರ್ಷವೇ ಬೇಕಾಯಿತು. ಸ್ವಾರಸ್ಯವೇನೆಂದರೆ ತೇವವಿಲ್ಲದೆ ಈ ಎರಡನೆಯ ಕ್ರಿಯೆ ನಡೆಯುವುದೇ ಇಲ್ಲ. ಚೈತ್ರದ ಬಿಸಿಲಿಗೋ ಆಷಾಢದ ಬಿರುಗಾಳಿಗೋ ಸಿಕ್ಕಿ ಹಠಾತ್ತನೆ ಒಣಗಿದ ಗಾರೆಯು ಕಲ್ಲಾಗದೆ ಪುಡಿಯಾಗಿಯೇ ಉಳಿದು, ಅಂಗೈಯಿಂದ ಸವರಿದರೆ ಬಿಳಿಯ ಧೂಳಾಗಿ ಮೆತ್ತಿಕೊಳ್ಳುತ್ತದೆ. ಗೋಡೆಗೆ ಒದ್ದೆಯ ಗೋಣಿತಾಟನ್ನು ಇಳಿಬಿಡುವುದು ಈ ಕಾರಣಕ್ಕಾಗಿ.

ಒಂದು ಪದರ ಆರದೆ ಇನ್ನೊಂದನ್ನು ಬಳಿಯಬಾರದೆಂಬ ನಿಯಮವೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಚಿತ್ರ ಬರೆಯುವ ಗೋಡೆಗೆ ಎಮ್ಮೆಯ ಚರ್ಮ ಬೇಯಿಸಿದ ಅಂಟನ್ನೂ ಬಿಳಿಯ ಮಣ್ಣನ್ನೂ ಕೂಡಿಸಿ, ಒಣಗಿದ ಗೋಡೆಯ ಮೇಲೆ ಮೂರು ಬಾರಿ ಲೇಪಿಸಬೇಕೆಂದು ವಿಧಿಸಲಾಗಿದೆ.

ಹೀಗೆ ಕಾದು ಮಾಡಿದ ಕೆಲಸ ಎಷ್ಟು ಬಾಳೀತೆಂಬುದಕ್ಕೆ ಚಾಮರಾಜನಗರ ತಾಲ್ಲೂಕಿನ ನರಸಮಂಗಲವೇ ಸಾಕ್ಷಿ. ಗಂಗರ ಕಾಲದ್ದೆಂದು ವಿದ್ವಾಂಸರು ಎಣಿಸುವ ಅಲ್ಲಿನ ರಾಮೇಶ್ವರ ದೇವಾಲಯದ ಇಟ್ಟಿಗೆಯ ಶಿಖರದ ಮೇಲೆ ಗಾರೆಯಲ್ಲಿ ಮಾಡಿದ ಮೂರ್ತಿಗಳಿವೆ. ಸಾವಿರ ವರ್ಷದ ಮಳೆಗಾಳಿಗಳಲ್ಲಿ ಸವೆದೂ ಅವುಗಳ ಅಂಗಭಂಗಿ ಅಳಿದಿಲ್ಲ. ಈ ಸೀಮೆಗೆ ಬಂದವರು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಇದನ್ನು ನೋಡದೆ ಮರಳುವುದು ನನಗೆ ವ್ಯಸನದ ಸಂಗತಿ. ಪಟ್ಟವೇರುವ ಮುನ್ನ ಹಂಗಳದಲ್ಲಿ ದಿನ ಕಳೆದ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ತಮ್ಮ ತಂದೆಯ ಸ್ಮರಣೆಗಾಗಿ ಗುಂಡ್ಲುಪೇಟೆಯಲ್ಲಿ ಕಟ್ಟಿಸಿದ ಪರವಾಸುದೇವ ದೇವಾಲಯಕ್ಕೆ ಅಂಥ ಭಾಗ್ಯವಿರಲಿಲ್ಲ, ಅದು ಪಾಳುಬಿದ್ದಿತು.

ಅರಿಕುಠಾರಕ್ಕೆ ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರವೆಂದು ಕರೆದ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದ್ದು 1826ರಲ್ಲಿ. ಅದಕ್ಕೆ ಎರಡೇ ವರ್ಷ ಮುನ್ನ, 1824ರಲ್ಲಿ, ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಇಟ್ಟಿಗೆ ಕೆಲಸಗಾರನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದಿದ್ದನು. ಆದರೂ ಅದು ಇಲ್ಲಿಯ ಗೋಡೆಗಳನ್ನು ಗೆಲ್ಲಲು ಒಂದು ಶತಮಾನಕ್ಕೂ ಮಿಗಿಲಾಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯನ್ನು ಸಹ ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿಗಾರೆಯಿಂದಲೇ ಕಟ್ಟಿದರು. ಭದ್ರಾವತಿಯಲ್ಲಿ ಸಿಮೆಂಟು ತಯಾರಾಗತೊಡಗಿದ್ದು 1930ರ ದಶಕದ ಕೊನೆಯಲ್ಲಿ.

ಸಿಮೆಂಟು ನೀರಿನೊಡನೆ ತಾನೇ ಕೂಡಿ ಗಟ್ಟಿಯಾಗುವುದರಿಂದ ಗಾಳಿಯ ಹಂಗಿಲ್ಲ. ಏಳು ದಿನ ತಪ್ಪದೆ ನೀರುಣಿಸಿ, ಸುಮಾರು 28 ದಿನ ಬಿಟ್ಟು ಬಣ್ಣ ಬಳಿಯುವುದು ವಾಡಿಕೆ. ಆದರೆ ಈ ಸೀಮೆಯಲ್ಲಿ ಹಿಂಗಾರು ಮಳೆ ಬಲವಾದುದು; ಆಶ್ವಯುಜದಲ್ಲಿ ಬಳಿದ ಗೋಡೆಗೆ ಆ ಲೆಕ್ಕ ಸಾಲದು. ಮುಂಗೈಯನ್ನು ಗೋಡೆಯ ಬುಡಕ್ಕೂ ಮೂಲೆಗೂ ಒತ್ತಿ, ತಣ್ಣಗಿದ್ದರೆ ಇನ್ನೂ ಕಾಯಬೇಕು.

ಸುಣ್ಣದ ಗೋಡೆಯ ಹಳೆಯ ಮನೆಯುಳ್ಳವರಲ್ಲಿ ಒಂದು ಬಿನ್ನಹ. ಬಿರುಕನ್ನು ಸಿಮೆಂಟಿನಿಂದ ಮುಚ್ಚಿಸಬೇಡಿ. ಗೋಡೆಯ ತೇವ ಹೊರಹೋಗಲಾರದೆ ಒಳಗೇ ನಿಂತು, ಸುತ್ತಲಿನ ಹಳೆಯ ಗಾರೆಯನ್ನೂ ಉದುರಿಸುತ್ತದೆ. ಸುಣ್ಣದ ಕೆಲಸ ಬಲ್ಲ ಗಾರೆಯವನನ್ನು ಹುಡುಕಿ, ಅವನು ಕೇಳಿದಷ್ಟು ತಿಂಗಳು ಕೊಡಿ.