ಅಜ್ಜಿಯ ಸವರನ್ನು

ಬಂಗಾರಕ್ಕೆ ತುಕ್ಕು ಹಿಡಿಯುವುದಿಲ್ಲವೆಂದು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು. ಆ ಪಾಠಕ್ಕೆ ಇಂದು ತಿದ್ದುಪಡಿ ಬರೆಯುತ್ತಿದ್ದೇನೆ. ಅದರ ಬೆಲೆ ತೆತ್ತದ್ದು ನಮ್ಮ ಅಜ್ಜಿಯ ಸವರನ್ನು.

ಅದು 1918ರ ನಾಣ್ಯ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆ; ಇನ್ನೊಂದರಲ್ಲಿ ಕುದುರೆಯೇರಿ ಘಟಸರ್ಪವನ್ನು ಕೊಲ್ಲುತ್ತಿರುವ ಸಂತ ಜಾರ್ಜ್. ಇಟಲಿಯ ಪಿಸ್ಟ್ರೂಚಿ ಎಂಬ ಕಲಾವಿದ 1817ರ ಸವರನ್ನಿಗಾಗಿ ರಚಿಸಿದ ಚಿತ್ರವದು. ಇಸವಿಯ ಮೇಲಣ ನೆಲದ ಗೆರೆಯಲ್ಲಿ, ಸಾಸಿವೆಗಿಂತಲೂ ಕಿರಿದಾಗಿ, ಇಂಗ್ಲಿಷಿನ 'ಐ' ಅಕ್ಷರವಿದೆ. ಮೊದಲ ಮಹಾಯುದ್ಧದ ಕೊನೆಯ ವರ್ಷ ಮುಂಬಯಿಯಲ್ಲಿ ಲಂಡನ್ನಿನ ರಾಯಲ್ ಮಿಂಟ್ ಶಾಖೆಯೊಂದನ್ನು ತೆರೆಯಲಾಯಿತು. ಅಲ್ಲಿ 1918ರ ಇಸವಿಯ ಸುಮಾರು 13 ಲಕ್ಷ ಸವರನ್ನುಗಳು ಟಂಕಿತವಾದವು. ಮರುವರ್ಷವೇ ಆ ಶಾಖೆ ಮುಚ್ಚಿತು. ಭಾರತದಲ್ಲಿ ಹುಟ್ಟಿತೆಂಬುದಕ್ಕೆ ಆ 'ಐ' ಒಂದೇ ಜಾತಕ.

ಅಜ್ಜಿ ಅದನ್ನು ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾಣ್ಯಸಂಗ್ರಹದ ಹುಚ್ಚು ಹತ್ತಿದ್ದ ನಾನು ಮೆದುವಾದ ಪಿವಿಸಿ ಹಾಳೆಗಳ ಆಲ್ಬಮ್ಮಿಗೆ ಸೇರಿಸಿ ಬೀರುವಿನಲ್ಲಿ ಇರಿಸಿದೆ. ನಮ್ಮ ಮಲೆನಾಡಿನ ಮಳೆಗಾಲಗಳು ಹಲವು ಕಳೆದವು. ಒಮ್ಮೆ ತೆರೆದು ನೋಡಿದರೆ ದೊರೆಯ ಕೆನ್ನೆಯ ಮೇಲೆ ಅಂಟಂಟಾದ ಹಸಿರು ಪೊರೆ, ಅಂಚಿನಲ್ಲಿ ಕೆಂಗಂದು ಚುಕ್ಕೆಗಳು!

ಸವರನ್ನು 22 ಕ್ಯಾರಟ್ಟಿನದು. ಅದರ 7.98 ಗ್ರಾಂ ತೂಕದಲ್ಲಿ ಹನ್ನೆರಡರ ಹನ್ನೊಂದು ಪಾಲು ಚಿನ್ನ, ಉಳಿದದ್ದು ಮುಖ್ಯವಾಗಿ ತಾಮ್ರ. ಕೆಡುವುದು ಈ ತಾಮ್ರ. ಪಿವಿಸಿ ಹಳತಾದಂತೆ ಅದನ್ನು ಮೆದುಗೊಳಿಸಲು ಬೆರೆಸಿದ ಎಣ್ಣೆಯಂಥ ದ್ರವ್ಯ ಜಿನುಗುತ್ತದೆ, ಹೈಡ್ರೋಕ್ಲೋರಿಕ್ ಆಮ್ಲವೂ ಹೊರಬೀಳುತ್ತದೆ. ತೇವ ಸೇರಿದರೆ ತಾಮ್ರ ಹಸಿರಾಗುತ್ತದೆ. ಎರಕದಲ್ಲಿ ತಾಮ್ರ ಸರಿಯಾಗಿ ಬೆರೆಯದೆ ಉಳಿದ ಕಡೆ ಕೆಂಪು ಚುಕ್ಕೆ ಮೂಡುತ್ತದೆ.

ಇಷ್ಟಕ್ಕೇ ನಿಂತಿದ್ದರೆ ನಾಣ್ಯ ಉಳಿಯುತ್ತಿತ್ತೇನೋ. ಶುದ್ಧ ಅಸಿಟೋನಿನಲ್ಲಿ (ಒಲೆಯಿಂದ ದೂರವಿರಿಸಿ!) ನೆನೆಸಿ, ಉಜ್ಜದೆ ಒಣಗಿಸಿದರೆ ಅಂಥ ಪೊರೆ ಬಿಡುತ್ತದೆ. ನಾನು ಮಾಡಿದ್ದೇನು? ಹಿತ್ತಾಳೆ ಚೊಂಬನ್ನು ಬೆಳಗುವಂತೆ ಹುಣಿಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಚಿನ್ನ ಮೆದು ಲೋಹ. ಮೈಯೆಲ್ಲ ಕೂದಲೆಳೆಯ ಗೀರುಗಳಾದವು.

ಅಕ್ಕಸಾಲಿಗರು ತೂಗಿ, "ಏನೂ ಕಡಿಮೆಯಾಗಿಲ್ಲ ಮೇಷ್ಟ್ರೇ" ಎಂದರು. ನಾಣ್ಯ ಬಲ್ಲ ಮಿತ್ರರೊಬ್ಬರು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ, ಏನೂ ಹೇಳದೆ ಹಿಂದಿರುಗಿಸಿದರು.

ನಿಮ್ಮ ಮನೆಗಳಲ್ಲಿಯೂ ಇಂಥವು ಇದ್ದರೆ ಇಂದೇ ಪಿವಿಸಿಯಿಂದ ಹೊರತೆಗೆಯಿರಿ; ಅಂಚನ್ನಷ್ಟೇ ಹಿಡಿಯಿರಿ; ಆಮ್ಲರಹಿತ ಕಾಗದದಲ್ಲಿಟ್ಟು ತೇವ ಹೀರುವ ಸಿಲಿಕಾ ಪೊಟ್ಟಣವೊಂದನ್ನು ಜೊತೆಗಿಡಿ. ನಮ್ಮ ನಾಣ್ಯದಲ್ಲಿ 'ಐ' ಇನ್ನೂ ಇದೆ. ಮೊದಲು ಬರಿಗಣ್ಣಿಗೆ ಕಾಣುತ್ತಿತ್ತು, ಈಗ ಭೂತಗನ್ನಡಿ ಬೇಕು.