ಪೋಡಿನ ದಾರಿಯಲ್ಲಿ ಔಷಧಿ ಚೀಲ

ಸ್ಮರಣ ಸಂಚಿಕೆಗಳಿಗೆ ಒಂದು ಚಾಳಿಯಿದೆ. ಮೊದಲ ಹತ್ತು ಪುಟ ಗಣ್ಯರ ಸಂದೇಶಕ್ಕೆ, ಮುಂದಿನ ಹತ್ತು ಪುಟ ಹಾರ ಹಾಕಿಸಿಕೊಂಡವರ ಫೋಟೋಗಳಿಗೆ. ಬಿಳಿಗಿರಿರಂಗನ ಬೆಟ್ಟದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಕಥೆ ಬರೆಯಲು ಕೂತರೂ ಪೆನ್ನು ತಾನಾಗಿಯೇ ಡಾ. ಎಚ್. ಸುದರ್ಶನ್ ಕಡೆಗೆ ವಾಲುತ್ತದೆ. ಅದೇನೂ ತಪ್ಪಲ್ಲ. ಬೆಂಗಳೂರಿನಲ್ಲಿ ಡಾಕ್ಟರಿಕೆ ಓದಿ, ಬೆಟ್ಟ ಹತ್ತಿ, 1981ರಲ್ಲಿ ಈ ಕೇಂದ್ರ ಕಟ್ಟಿದವರು ಅವರೇ. 1994ರ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದ ಪದ್ಮಶ್ರೀ ಕುರಿತು ಬರೆಯಲು ಬೇಕಾದಷ್ಟು ಜನರಿದ್ದಾರೆ. ನನಗೆ ಬರೆಯಬೇಕೆನಿಸಿದ್ದು ಹೆಗಲಿಗೆ ಚೀಲ ಹಾಕಿಕೊಂಡು ಪೋಡಿನಿಂದ ಪೋಡಿಗೆ, ಅಂದರೆ ಸೋಲಿಗರ ಒಂದು ಹಟ್ಟಿಯಿಂದ ಇನ್ನೊಂದಕ್ಕೆ, ನಡೆದವರ ಬಗ್ಗೆ.

ಆಸ್ಪತ್ರೆ ಕಟ್ಟುವುದು ಒಂದು ಕೆಲಸ, ಅದರ ಬಾಗಿಲಿಗೆ ಈ ಕಾಡಿನ ಗಿರಿಜನರಾದ ಸೋಲಿಗರು ಬರುವಂತೆ ಮಾಡುವುದು ಇನ್ನೊಂದು. ರಂಗನಾಥನನ್ನೇ 'ಭಾವ' ಎಂದು ಕರೆಯುವ ಜನ ಅವರು. ತಮ್ಮ ಕುಲದ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು ಭಾವನಲ್ಲದೆ ಇನ್ನೇನು? ದೇವರ ಹತ್ತಿರವೇ ಇಷ್ಟು ಸಲಿಗೆ ಇಟ್ಟುಕೊಂಡವರು ಸೂಜಿ ಹಿಡಿದು ಬಂದವನನ್ನು ನೋಡಿದೊಡನೆ ಕೈ ಮುಗಿಯುವವರಲ್ಲ. ಬೇರು, ತೊಗಟೆ, ಸೊಪ್ಪಿನ ಔಷಧಿ ಅವರಿಗೆ ಗೊತ್ತಿತ್ತು. ಹೆಂಗಸರು ಕುಕ್ಕರಗಾಲಲ್ಲಿ ಕೂತು ಹೆರುತ್ತಿದ್ದರು. ಮಲಗಿಸಿ ಹೆರಿಗೆ ಮಾಡಿಸಲು ಕಲಿತುಬಂದ ವೈದ್ಯರೇ ಇಲ್ಲಿ ಹೊಸ ಪಾಠ ಕಲಿಯಬೇಕಾಯಿತು. 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಪೋಡು ಬಿಡಬೇಕಾಗಿ ಬಂದವರಿಗೆ, ಹೊರಗಿನಿಂದ ಬಂದ ಯಾರ ಮೇಲಾದರೂ ನಂಬಿಕೆ ಹುಟ್ಟುವುದು ಹೇಗೆ? ಅವರದೇ ನುಡಿಯಾಡುವ, ಯಾವ ಪೋಡಿನಲ್ಲಿ ಯಾರು ಬಸುರಿ, ಯಾರ ಮಗು ಸೊರಗಿದೆ ಎಂದು ಬಲ್ಲವರೇ ನಡುವೆ ನಿಲ್ಲಬೇಕಿತ್ತು.

ಆ ನಡಿಗೆಯ ಬೆಲೆ ಏನೆಂದು ಚೆನ್ನಾಗಿ ಗೊತ್ತಾದದ್ದು ಬೆಟ್ಟದ ಕೆಳಗೆ, ಯಳಂದೂರು ತಾಲ್ಲೂಕಿನಲ್ಲಿ. 1986ರಲ್ಲಿ ಅಲ್ಲಿ ಸುದರ್ಶನ್ ಅವರದೇ ಕರುಣಾ ಟ್ರಸ್ಟ್ ಹುಟ್ಟಿದ್ದೇ ಕುಷ್ಠದ ಕಾರಣಕ್ಕೆ. ಆಗ ಅಲ್ಲಿ ಸಾವಿರ ಜನಕ್ಕೆ ಇಪ್ಪತ್ತಕ್ಕೂ ಹೆಚ್ಚು ರೋಗಿಗಳಿದ್ದರು. 'ದೊಡ್ಡ ರೋಗ' ಎಂದು ಪಿಸುಗುಟ್ಟುವ ಊರಿನಲ್ಲಿ ಅದನ್ನು ಹುಡುಕುವುದು ಹೇಗೆ? ಅಂಗಿ ಬಿಚ್ಚಿಸಿ, ಬೆಳಕಿಗೆ ನಿಲ್ಲಿಸಿ, ಮಸುಕಾದ ಮಚ್ಚೆಯ ಮೇಲೆ ಹತ್ತಿಯ ಎಳೆ ಆಡಿಸಬೇಕು. ಸ್ಪರ್ಶ ತಿಳಿಯದಿದ್ದರೆ ಅನುಮಾನ. ಹೆಂಗಸರನ್ನು ನೋಡಲು ಹೆಂಗಸರೇ ಬೇಕು. ಮಾತ್ರೆ ಕೊಟ್ಟ ಮೇಲೂ ಕೆಲಸ ಮುಗಿಯದು. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ, ಕ್ಲೋಫಾಜಿಮಿನ್‌ನಿಂದ ಮೈ ಕಪ್ಪಿಡುತ್ತದೆ. ಇದನ್ನು ಮೊದಲೇ ಹೇಳಿ ಧೈರ್ಯ ತುಂಬದಿದ್ದರೆ ಮಾತ್ರೆ ತಿಪ್ಪೆ ಸೇರುತ್ತದೆ. ಹೀಗೆ ತಿಂಗಳು ತಿಂಗಳೂ ಅದೇ ಬಾಗಿಲು ಬಡಿದದ್ದರ ಫಲವಾಗಿ, ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಆ ಲೆಕ್ಕ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು.

ಮನೆಮನೆ ಹೊಕ್ಕವರ ಕಣ್ಣಿಗೆ ಒಂದೇ ರೋಗ ಬೀಳುವುದಿಲ್ಲ. ಯಳಂದೂರಿನ ಕಡೆ ಮೂರ್ಛೆ ರೋಗ ಬಹಳ. ಅದರಲ್ಲೂ ಒಂದು ವಿಚಿತ್ರ ಬಗೆ: ಹಂಡೆಯ ಸುಡುನೀರನ್ನು ಚೊಂಬು ಚೊಂಬಾಗಿ ತಲೆಗೆ ಸುರಿದುಕೊಳ್ಳುತ್ತಿದ್ದಂತೆ ಬಚ್ಚಲಲ್ಲೇ ಫಿಟ್ಸ್! ಬಿಸಿನೀರಿನ ಅಪಸ್ಮಾರವೆಂದು ವೈದ್ಯಲೋಕ ಗುರುತಿಸಿದ ಈ ಕಾಯಿಲೆ ದಕ್ಷಿಣ ಕರ್ನಾಟಕದಲ್ಲಿ ಕಂಡಷ್ಟು ಬೇರೆಡೆ ಕಾಣುವುದು ಅಪರೂಪ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಬಿಟ್ಟರೆ ಮನೆಯವರಿಗೆ ಬೇರೆ ದಾರಿ ಗೊತ್ತಿರಲಿಲ್ಲ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತವರ ಸಂಗಡಿಗರು ಈ ತಾಲ್ಲೂಕಿನಲ್ಲಿ ನಡೆಸಿದ ಅಧ್ಯಯನ 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ಅದು ತೋರಿಸಿತು. ಮಾತ್ರೆ ಅಗ್ಗ, ನಿಜ. ಒಂದು ದಿನವೂ ತಪ್ಪದೆ ನುಂಗುವಂತೆ ನೋಡಿಕೊಳ್ಳುವುದು ಅಗ್ಗವಲ್ಲ. 'ನೀರು ಆರಿಸಿಕೋ, ಮೊದಲು ಮೈಗೆ ಹುಯ್ದುಕೋ, ತಲೆಗೆ ನಿಧಾನ' ಎಂದು ಬಚ್ಚಲ ಬಾಗಿಲಲ್ಲಿ ನಿಂತು ಹೇಳಲು ದೊಡ್ಡ ತಜ್ಞ ಬೇಕಿಲ್ಲ, ಆ ಮನೆಯ ಒಳಗೆ ಹೋಗಬಲ್ಲವರು ಬೇಕು.

1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆ ಟ್ರಸ್ಟಿಗೆ ಬಂದದ್ದು ಆಡಳಿತದ ಕಥೆ. ಇಲ್ಲಿ ಅಷ್ಟೇ ಸಾಕು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗಿರಿಜನ ಹೆಣ್ಣುಮಕ್ಕಳಿಗೆ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ತರಬೇತಿ ಕೊಟ್ಟದ್ದು. ಹಾಡಿಗೆ, ಪೋಡಿಗೆ ಹೊರಗಿನ ನರ್ಸಮ್ಮ ಬಂದರೆ ಸಂಜೆಯ ಬಸ್ಸಿನ ಚಿಂತೆ. ಅಲ್ಲಿಯೇ ಹುಟ್ಟಿದವಳಿಗೆ ಆನೆ ದಾಟುವ ಜಾಗವೂ ಗೊತ್ತು, ಅತ್ತೆಯ ಕಣ್ಣು ತಪ್ಪಿಸಿ ಸೊಸೆಯ ಹತ್ತಿರ ಮಾತಾಡುವುದೂ ಗೊತ್ತು. ಸೋಲಿಗರಲ್ಲಿರುವ ಕುಡಗೋಲು ಕಣ ರಕ್ತಹೀನತೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬೆರಳ ತುದಿಯ ಒಂದು ಹನಿ ರಕ್ತದಿಂದ ಪರೀಕ್ಷೆ ಶುರುವಾದೀತು. ಗಂಡು ಹೆಣ್ಣು ಇಬ್ಬರೂ ವಾಹಕರಾದರೆ ಹುಟ್ಟುವ ಒಂದೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಎಂಬುದನ್ನು ಮದುವೆ ಮಾತುಕತೆಯ ನಡುವೆ, ಯಾರ ಮನಸ್ಸೂ ಮುರಿಯದಂತೆ ಹೇಳುವವರು ಯಾರು?

ಇಷ್ಟೆಲ್ಲ ಹೊತ್ತವರಿಗೆ ನಾವು ಇಟ್ಟ ಹೆಸರು ಮಾತ್ರ 'ಕಾರ್ಯಕರ್ತೆ'. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದು ಊರೂರಿಗೆ ಆಶಾ ಬಂದಳು. ಅವಳಿಗೂ ಸಿಗುವುದು ಗೌರವಧನವೇ, ಸಂಬಳವಲ್ಲ. ಗೌರವವೂ ಧನವೂ ಎರಡೂ ಕಡಿಮೆಯಿರುವ ಈ ಪದವನ್ನು ಯಾರು ಹುಟ್ಟಿಸಿದರೋ!

ಸಮೀಕ್ಷೆ ಮಾಡಿದವರು ಬರೆದಿಟ್ಟ ನೋಟುಬುಕ್ಕು, ಮಾತ್ರೆ ಹಂಚಿದ ರಿಜಿಸ್ಟರು, ಪೋಡುಗಳ ಕೈನಕ್ಷೆ ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ, ಗೆದ್ದಲು ಹಿಡಿಯುವ ಮುಂಚೆ ದಯವಿಟ್ಟು ಸಂಸ್ಥೆಗೆ ತಲುಪಿಸಿ. ಮುಂದಿನ ಸಂಚಿಕೆಯ ಮೊದಲ ಪುಟಗಳು ಅವಕ್ಕೇ ಸಲ್ಲಬೇಕು.