ಕಾಳು ಸಂಗ್ರಹಕ್ಕೆ ಚೀಲ: ಬಗೆ, ದಪ್ಪ ಎರಡೂ ಮುಖ್ಯ

ಸುಗ್ಗಿಯಲ್ಲಿ ಕೈಸೇರಿದ ತೊಗರಿ, ಹೆಸರು, ಅಲಸಂದೆ ಕೆಲವೇ ತಿಂಗಳಲ್ಲಿ ಹುಳು ಹಿಡಿದು ಪುಡಿಯಾಗುವುದು ರೈತರಿಗೆ ಹೊಸ ಅನುಭವವೇನಲ್ಲ. ಬಿತ್ತನೆಗೆಂದು ತೆಗೆದಿಟ್ಟ ಕಾಳಿಗೇ ಈ ಗತಿ ಬಂದರೆ ಮುಂದಿನ ಹಂಗಾಮಿನ ಬೀಜವೇ ಕೈತಪ್ಪಿದಂತೆ. ಆದ್ದರಿಂದ ಚೀಲದ ಆಯ್ಕೆಯಲ್ಲಿ ಎಚ್ಚರ ಅಗತ್ಯ.

ದಪ್ಪದ ಲೆಕ್ಕ

ಪ್ಲಾಸ್ಟಿಕ್ ಹಾಳೆಯ ದಪ್ಪವನ್ನು ಮೈಕ್ರಾನ್‌ಗಳಲ್ಲಿ ಅಳೆಯಲಾಗುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ವರ್ತಕರು ಹೇಳುವ 100 ಗೇಜ್ ಸುಮಾರು 25 ಮೈಕ್ರಾನ್‌ಗೆ ಸಮ.

ಯಾವ ಬಗೆ, ಯಾವುದಕ್ಕೆ?

ಮೃದುವಾಗಿ ಬಾಗುವ ಎಲ್‌ಡಿಪಿಇ ಚೀಲ ಚಳಿಗೆ ಸೀಳುವುದಿಲ್ಲ. ಫ್ರೀಜರಿಗೆ ಇದೇ ಸೂಕ್ತ. ಹೊಳಪಿನ, ಪಾರದರ್ಶಕ ಪಾಲಿಪ್ರೊಪಿಲೀನ್ ಚೀಲ ಒಣ ತಿನಿಸಿಗೆ ಚೆನ್ನ. ಆದರೆ ಅತಿ ಶೀತದಲ್ಲಿ ಬಿರುಸಾಗಿ ಒಡೆಯಬಹುದು. ಮುಟ್ಟಿದರೆ ಸರಬರ ಸದ್ದು ಮಾಡುವ, ಮಂಜು ಬಣ್ಣದ ಎಚ್‌ಡಿಪಿಇ ತೇವವನ್ನು ಚೆನ್ನಾಗಿ ತಡೆಯುತ್ತದೆ. ನೇಯ್ದ ಗೊಬ್ಬರದ ಚೀಲದ ಮಾದರಿಯದು ಭಾರ ಹೊರಬಲ್ಲದು, ಗಾಳಿಯನ್ನು ತಡೆಯದು.

ಮೂರು ಪದರದ ಚೀಲ

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕ್ಯಾಮರೂನ್‌ನಲ್ಲಿ ಅಲಸಂದೆಗಾಗಿ ರೂಪಿಸಿದ ಚೀಲದಲ್ಲಿ ತಲಾ 80 ಮೈಕ್ರಾನ್ ದಪ್ಪದ ಎರಡು ಎಚ್‌ಡಿಪಿಇ ಒಳಚೀಲಗಳೂ ಹೊರಗೆ ನೇಯ್ದ ಚೀಲವೂ ಇರುತ್ತವೆ. ಬಾಯಿ ಬಿಗಿದಾಗ ಒಳಗಿನ ಆಮ್ಲಜನಕವನ್ನು ಹುಳುಗಳೇ ಉಸಿರಾಡಿ ಮುಗಿಸಿ, ತಿನ್ನುವುದನ್ನು ನಿಲ್ಲಿಸಿ ಸಾಯುತ್ತವೆ. ಔಷಧದ ಹಂಗಿಲ್ಲ. ಉತ್ತರ ಕರ್ನಾಟಕದ ಹಗೇವುಗಳಲ್ಲಿ ಜೋಳ ಉಳಿಯುತ್ತಿದ್ದುದರ ಹಿಂದೆಯೂ ಇದೇ ತತ್ವವಿದೆ.

ಗಮನಿಸಬೇಕಾದ ಅಂಶಗಳು

* ಕಾಳು ಚೆನ್ನಾಗಿ ಒಣಗಿರಬೇಕು. ತೇವವಿದ್ದರೆ ಬೂಷ್ಟು ಖಚಿತ.
* ಒಳಗಿನ ಗಾಳಿ ಒತ್ತಿ ತೆಗೆದು, ಪ್ರತಿ ಪದರದ ಬಾಯನ್ನೂ ತಿರುಚಿ, ಮಡಿಸಿ ಬೇರೆಬೇರೆಯಾಗಿ ಕಟ್ಟಬೇಕು.
* ಮೊದಲ ಕೆಲವು ವಾರ ಚೀಲ ಬಿಚ್ಚಬಾರದು. ಇಲಿ ತೂತು ಮಾಡಿದರೆ ಶ್ರಮವೆಲ್ಲ ವ್ಯರ್ಥ.
* ಗೊಬ್ಬರ, ಕೀಟನಾಶಕ ತುಂಬಿದ್ದ ಚೀಲಗಳನ್ನು ಆಹಾರಕ್ಕೆ ಎಂದಿಗೂ ಬಳಸಬಾರದು.

ನಿಯಮ ಏನು?

ಕೇಂದ್ರದ ನಿಯಮದಂತೆ ಸಾಮಾನು ಒಯ್ಯುವ ಕೈಚೀಲಕ್ಕೆ 2022ರ ಡಿಸೆಂಬರ್ 31ರಿಂದ ಕನಿಷ್ಠ 120 ಮೈಕ್ರಾನ್ ದಪ್ಪ ಕಡ್ಡಾಯ. ಕರ್ನಾಟಕವು 2016ರಲ್ಲೇ ಇಂತಹ ಪ್ಲಾಸ್ಟಿಕ್ ಕೈಚೀಲಗಳನ್ನು ದಪ್ಪದ ಭೇದವಿಲ್ಲದೆ ನಿಷೇಧಿಸಿದೆ. ಕಾಳು ತುಂಬಿಡುವ ಚೀಲ ಕೈಚೀಲವಲ್ಲ. ತೂತಾಗದಂತೆ ಜೋಪಾನ ಮಾಡಿದರೆ ಅದನ್ನು ಮರುವರ್ಷವೂ ಬಳಸಬಹುದು. ಹಣವೂ ಉಳಿಯುತ್ತದೆ, ಕಸವೂ ಕಡಿಮೆಯಾಗುತ್ತದೆ.